ಶ್ರುತಿರೇಖೆಯ ಪ್ರಾಮಾಣ್ಯ: ವರ್ತಕ ನಗರದ ಕನ್ನಡವನ್ನು ಅಳೆಯುವ ಮುನ್ನ

ಹೊರನಾಡಿನಲ್ಲಿ ಬೆಳೆದ ಮಕ್ಕಳ ಕನ್ನಡಕ್ಕೆ ಅಲ್ಲಿಯ ಭಾಷೆಯ ‘ರಾಗ’ ಹತ್ತಿದೆ ಎಂಬುದು ಬಹುಕಾಲದಿಂದ ಕೇಳಿಬರುವ ಮಾತು. ಠಾಣೆಯ ವರ್ತಕ ನಗರದಂತಹ ಬಡಾವಣೆಗಳಲ್ಲಿ ಕನ್ನಡವು ಮರಾಠಿ, ಹಿಂದಿಗಳ ನಡುವೆ ಬಾಳುವುದರಿಂದ ಈ ಮಾತು ಸಹಜವೆನಿಸುತ್ತದೆ. ಆದರೆ ಅನಿಸಿಕೆಯು ಪ್ರಮಾಣವಲ್ಲ. ಧ್ವನಿ ವಿಶ್ಲೇಷಣೆಯ ತಂತ್ರಾಂಶವೊಂದನ್ನು ತೆರೆದು ಶ್ರುತಿರೇಖೆಯನ್ನು ಮುದ್ರಿಸಿದೊಡನೆ ಅದು ಪ್ರಮಾಣವಾಗುವುದೂ ಇಲ್ಲ.

ಆಫ್ರಿಕಾದ ಯೊರುಬಾ ಭಾಷೆಯಲ್ಲಿ ಮೇಲು, ನಡು, ಕೆಳ ಎಂಬ ಮೂರು ತಾನಗಳಿವೆ. ‘ಇಗ್ಬ’ ಎಂಬ ಒಂದೇ ಧ್ವನಿಸರಣಿಯು ತಾನಭೇದದಿಂದ ಸೋರೆಬುರುಡೆ, ಕಾಲ, ಇನ್ನೂರು ಎಂಬ ಬೇರೆ ಬೇರೆ ಅರ್ಥಗಳನ್ನು ಕೊಡುತ್ತದೆ. ಅಲ್ಲಿ ಪ್ರತಿ ಉಚ್ಚಾರಾಂಶದ ಎತ್ತರವನ್ನು ಅಳೆಯುವುದು ಮುಖ್ಯ. ಕನ್ನಡದಲ್ಲಿ ಪದಾರ್ಥವನ್ನು ಬೇರ್ಪಡಿಸುವ ಕೆಲಸ ‘ಬಳೆ–ಬಾಳೆ’, ‘ಕತೆ–ಕತ್ತೆ’ಗಳಲ್ಲಿರುವಂತೆ ಕಾಲಮಾನದ್ದು, ಶ್ರುತಿಯದು ವಾಕ್ಯದ ಕೆಲಸ. ‘ಬಂದನಾ?’ ಎಂಬಲ್ಲಿ ಪ್ರಶ್ನೆಯನ್ನು ಪ್ರತ್ಯಯವೇ ಹೇಳಿಬಿಡುತ್ತದೆ, ಶ್ರುತಿ ಅದಕ್ಕೆ ಜೊತೆಯಾಗುತ್ತದೆ. ಆದ್ದರಿಂದ ನಮಗೆ ಬೇಕಾದುದು ಶ್ರುತಿ, ಕಾಲಮಾನ, ಉಚ್ಚಾರಾಂಶಗಳ ಗಡಿ ಇವನ್ನು ಹಲವು ಸ್ತರಗಳಲ್ಲಿ ಒಟ್ಟಿಗೆ ಗುರುತಿಸಬಲ್ಲ ಸಾಧನ.

ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೀನಿಂಕ್ ರೂಪಿಸಿದ ‘ಪ್ರಾಟ್’ ಈ ಅಗತ್ಯಕ್ಕೆ ಹೊಂದುತ್ತದೆ. ಅದು ಉಚಿತ, ಅದರ ಮೂಲ ಸಂಕೇತವೂ ಮುಕ್ತ. ಆದರೆ ಅದರ ಜನಪ್ರಿಯತೆಯನ್ನೇ ವಿಧಾನವೆಂದು ಭಾವಿಸುವುದು ತಪ್ಪು. ಅದರಲ್ಲಿ ದೀರ್ಘಕಾಲ ಪೂರ್ವನಿಯೋಜಿತವಾಗಿದ್ದ ಶ್ರುತಿಯ ಮಿತಿ 75ರಿಂದ 500 ಹರ್ಟ್ಸ್. ಮಕ್ಕಳ ದನಿಗೂ ವೃದ್ಧರ ದನಿಗೂ ಇದೊಂದೇ ಮಿತಿಯನ್ನು ಇಟ್ಟರೆ 220 ಹರ್ಟ್ಸ್ ಇದ್ದದ್ದು 110 ಎಂದು ದಾಖಲಾಗಬಹುದು. ರೇಖೆಯಲ್ಲಿ ಆಗ ಕಾಣುವ ಕುಸಿತ ಯಂತ್ರದ್ದೇ ಹೊರತು ಮಾತುಗಾರನದಲ್ಲ. ಹಾಗೆಯೇ 100ರಿಂದ 150ಕ್ಕೆ ಮತ್ತು 200ರಿಂದ 300ಕ್ಕೆ ಏರುವುದು ಕಿವಿಗೆ ಸಮಾನ. ಎರಡೂ ಸುಮಾರು 7 ಅರ್ಧಸ್ವರ. ಹರ್ಟ್ಸ್‌ನಲ್ಲೇ ಹೋಲಿಸಿದರೆ ಹೆಂಗಸರ, ಮಕ್ಕಳ ಮಾತು ಅಕಾರಣವಾಗಿ ‘ಹೆಚ್ಚು ರಾಗದ್ದು’ ಎನಿಸುತ್ತದೆ.

‘ವರ್ತಕ ನಗರ’ ಎಂಬ ಹೆಸರನ್ನೇ ಪರಿಶೀಲಿಸಬಹುದು. ತಕಾರ, ಕಕಾರಗಳು ಅಘೋಷ. ಅಲ್ಲಿ ನಾದತಂತುಗಳು ಕಂಪಿಸದೆ ರೇಖೆ ತುಂಡಾಗುತ್ತದೆ, ಅವುಗಳ ಮುಂದಿನ ಸ್ವರದ ಆರಂಭದಲ್ಲಿ ಶ್ರುತಿ ತುಸು ಏರುತ್ತದೆ. ಈ ಏರಿಕೆ ವ್ಯಂಜನದ್ದು, ವಾಕ್ಯದ್ದಲ್ಲ. ‘ನಾವು ಮನೆಯಲ್ಲಿಲ್ಲ’ ಎಂಬಂತಹ ವಾಕ್ಯವಾದರೆ ರೇಖೆ ಅಖಂಡವಾಗಿ ದೊರೆಯುತ್ತದೆ. ಇನ್ನೂ ಗಮನಾರ್ಹವಾದುದೆಂದರೆ, ಕನ್ನಡದ ಉಚ್ಚಾರಣೆಯಲ್ಲಿ ಈ ಹೆಸರಿಗೆ ಆರು ಉಚ್ಚಾರಾಂಶಗಳು. ಮರಾಠಿಯ ‘ವರ್ತಕ್ ನಗರ್’ನಲ್ಲಿ ನಾಲ್ಕು. ಕೊನೆಯ ಅಕಾರ ಲೋಪವಾದಾಗ ಶ್ರುತಿಯ ಇಳಿತಕ್ಕೆ ಅಲ್ಲಿ ಸಿಗುವ ಅವಕಾಶವೂ ಕಿರಿದಾಗುತ್ತದೆ. ನಾವು ಎರವಲು ರಾಗವೆಂದು ಕೇಳುವುದು ಕೆಲವೆಡೆ ಸ್ವರಲೋಪದ ಪರಿಣಾಮವಷ್ಟೇ ಆಗಿರಬಹುದು.

ತಂತ್ರಾಂಶದ ಹೆಸರಿನೊಡನೆ ಶ್ರುತಿಮಿತಿ, ಮಾಪನದ ಘಟಕ, ಆಯ್ದ ವಾಕ್ಯಗಳನ್ನು ಪ್ರಕಟಿಸದ ಅಧ್ಯಯನವನ್ನು ಇನ್ನೊಬ್ಬರು ಪುನಃ ಪರೀಕ್ಷಿಸಲಾರರು. ಒಂದು ಸಮುದಾಯದ ಮಕ್ಕಳ ನುಡಿಯನ್ನು ಅನ್ಯವೆಂದು ತೀರ್ಮಾನಿಸುವ ಅಧ್ಯಯನಕ್ಕಾದರೂ ಈ ಕನಿಷ್ಠ ಶಿಸ್ತು ಅನಿವಾರ್ಯ.