ಗೋಡೆಯ ಮೇಲಿನ ಗೌರಿಗೆ ಸುಳಿ ಎಲ್ಲಿ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ನಡುಮನೆಯ ಗೋಡೆಗೆ ಒಂದು ಕ್ರಮವಿದೆ. ಮೇಲೆ ದೇವರ ಪಟ, ಕೆಳಗೆ ತೀರಿಹೋದ ಹಿರಿಯರ ಫೋಟೋ, ಪಕ್ಕದಲ್ಲಿ ಮದುವೆಯ ಫೋಟೋ. ಈಚೆಗೆ ಕೆಲವು ಮನೆಗಳಲ್ಲಿ ಈ ಸಾಲಿಗೆ ಇನ್ನೊಂದು ಸೇರಿರುವುದನ್ನು ಕಂಡಿದ್ದೇನೆ: ಮನೆಯ ನಾಯಿಯದೋ ಹಸುವಿನದೋ ಎತ್ತಿನದೋ ಎಣ್ಣೆಬಣ್ಣದ ಚಿತ್ರ. ಬರೆದವರು ದುಡ್ಡಿಗೆ ಬರೆದವರಲ್ಲ. ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು, ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಅಣ್ಣನ ಮಗಳು, ಮಕ್ಕಳು ದೂರದ ಕಾಲೇಜಿಗೆ ಹೋದಮೇಲೆ ಕುಂಚ ಹಿಡಿದ ತಾಯಿ, ಇಂಥವರು. ಗೃಹಪ್ರವೇಶಕ್ಕೋ ಹುಟ್ಟಿದ ಹಬ್ಬಕ್ಕೋ ಉಡುಗೊರೆಯಾಗಿ ಕೊಡುತ್ತಾರೆ. ನೋಡಿದವರೆಲ್ಲ "ಥೇಟ್ ನಮ್ಮ ಗೌರಿನೇ" ಅನ್ನುತ್ತಾರೆ. ಅಲ್ಲಿಗೆ ಆ ಚಿತ್ರದ ಬಗ್ಗೆ ಮಾತು ಮುಗಿಯಿತು.

ಹಾಗೆ ಮುಗಿಯಬಾರದು ಎಂಬುದು ನನ್ನ ವಾದ. ಇವು ಪ್ರೀತಿಯಿಂದ ಹುಟ್ಟಿದ ಚಿತ್ರಗಳು. ಪ್ರೀತಿಯಿಂದ ಹುಟ್ಟಿದ್ದಕ್ಕೆ ವಿಮರ್ಶೆ ಬೇಡ ಎನ್ನುವುದು ಬರೆದವರ ಶ್ರಮಕ್ಕೆ ಮಾಡುವ ಅನ್ಯಾಯ. ಎಣ್ಣೆಬಣ್ಣ ಸುಲಭದ ಮಾಧ್ಯಮವಲ್ಲ, ಅಗ್ಗದ್ದೂ ಅಲ್ಲ. ತಿಂಗಳುಗಟ್ಟಲೆ ಕೂತು ಬರೆದವರಿಗೆ ಸಲ್ಲಬೇಕಾದ್ದು ನಿಜವಾದ ನೋಟ.

ಆ ನೋಟಕ್ಕೆ ಅಳತೆಗೋಲು ಎಲ್ಲಿಂದ ತರಬೇಕು? ಕಲಾಶಾಲೆಯ ಪುಸ್ತಕದಿಂದಲೇ ಆಗಬೇಕಾಗಿಲ್ಲ, ರಾಸು ಕೊಳ್ಳುವ ರೈತನಿಂದ ತರಬಹುದು. ಜಾತ್ರೆಯಲ್ಲಿ ಎತ್ತಿನ ಮುಂದೆ ನಿಂತವನು ಮೊದಲು ಹಲ್ಲು ನೋಡುತ್ತಾನೆ, ಆಮೇಲೆ ಸುಳಿ ನೋಡುತ್ತಾನೆ. ಹಣೆಯ ಮೇಲೆ, ಬೆನ್ನ ಮೇಲೆ, ಪಕ್ಕೆಯ ಮೇಲೆ ಕೂದಲು ಸುತ್ತಿಕೊಂಡಿರುವ ಆ ಸುಳಿಗಳ ಶುಭಾಶುಭವನ್ನು ನಂಬುವುದು ಬಿಡುವುದು ಬೇರೆ ಮಾತು. ಚಿತ್ರ ಬರೆಯುವವರಿಗೆ ಅದರಲ್ಲಿ ದೊಡ್ಡ ಪಾಠವಿದೆ. ಒಂದು ರಾಸಿನ ಸುಳಿ ಇನ್ನೊಂದಕ್ಕಿಲ್ಲ. ಬಣ್ಣ ಒಂದೇ ಇರಬಹುದು, ಕೊಂಬು ಜೋಡಿ ಕೂಡಿರಬಹುದು, ಸುಳಿ ಮಾತ್ರ ಆ ಒಂದರದೇ. ನಾನು ಕಂಡ ಹಸುವಿನ ಚಿತ್ರಗಳಲ್ಲಿ ಹೆಚ್ಚಿನವುಗಳಲ್ಲಿ ಸುಳಿಯೇ ಇಲ್ಲ. ರೋಮ ರೋಮವನ್ನೂ ಸಣ್ಣ ಕುಂಚದಲ್ಲಿ ಎಳೆದವರು ಕೂದಲು ತಿರುಗುವ ಆ ಒಂದು ಜಾಗವನ್ನು ಬಿಟ್ಟಿದ್ದಾರೆ. ದಿನವೂ ಆ ಹಣೆ ಸವರುವ ಮನೆಯೊಡತಿಗೆ ಕಣ್ಣು ಮುಚ್ಚಿದರೂ ಗೊತ್ತಿರುವ ಜಾಗ ಅದು.

ಬಿಟ್ಟದ್ದು ಏಕೆಂದರೆ ಅವರು ಹಸುವನ್ನು ನೋಡಿ ಬರೆದದ್ದಲ್ಲ, ಮೊಬೈಲ್ ನೋಡಿ ಬರೆದದ್ದು. ಇದು ಈ ಹವ್ಯಾಸದ ಮುಖ್ಯ ದೋಷ. ಮೊಬೈಲನ್ನು ನಾಯಿಯ ಮುಖದ ಹತ್ತಿರ ಹಿಡಿದರೆ ಮೂತಿ ಊದಿಕೊಳ್ಳುತ್ತದೆ, ಕಿವಿ ಹಿಂದಕ್ಕೆ ಸರಿದು ಚಿಕ್ಕದಾಗುತ್ತದೆ. ಅದನ್ನು ಹಾಗೇ ಕ್ಯಾನ್ವಾಸಿಗೆ ಇಳಿಸಿದ ಚಿತ್ರಗಳು ಎಷ್ಟೋ ಇವೆ. ಕತ್ತಲಲ್ಲಿ ಫ್ಲಾಷ್ ಹಾಕಿ ತೆಗೆದ ಫೋಟೋದಲ್ಲಿ ಕಣ್ಣು ಹಸಿರಾಗಿ ಹೊಳೆಯುತ್ತದೆ. ಆ ಹೊಳಪನ್ನೂ ಶ್ರದ್ಧೆಯಿಂದ ತಿದ್ದಿ ತೀಡಿರುತ್ತಾರೆ. ಕರಿನಾಯಿಯ ಫೋಟೋವಂತೂ ಬರೀ ಕಪ್ಪು ಮುದ್ದೆ. ಅದೇ ನಾಯಿ ಬಿಸಿಲಿಗೆ ಬಂದಾಗ ಬೆನ್ನಿನ ಮೇಲೆ ನೀಲಿ ಮಿಂಚುವುದು, ತೊಡೆಯ ಹಿಂದೆ ಕಂದು ಕಾಣುವುದು ಕಣ್ಣಿಗೆ ಗೊತ್ತು, ಮೊಬೈಲಿಗೆ ಗೊತ್ತಿಲ್ಲ. ಕಣ್ಣಿನ ಪಾಪೆಯಲ್ಲೂ ಇದೇ ಕಥೆ. ಹಸುವಿನ ಪಾಪೆ ಅಡ್ಡಡ್ಡ ಉದ್ದ, ಬೆಕ್ಕಿನದು ಬೆಳಕಿನಲ್ಲಿ ನೆಟ್ಟಗೆ ಸೀಳಿದಂತೆ, ನಾಯಿಯದು ದುಂಡಗೆ. ಮೂರಕ್ಕೂ ಮನುಷ್ಯರ ಕಣ್ಣನ್ನೇ ಇಟ್ಟು ಮೇಲೊಂದು ಬಿಳಿ ಚುಕ್ಕೆ ಇಡುವವರು ಮುದ್ದು ತರಿಸುತ್ತಾರೆ, ಪ್ರಾಣಿಯನ್ನು ಕಳೆದುಕೊಳ್ಳುತ್ತಾರೆ.

ಫೋಟೋ ನೋಡಿ ಬರೆಯುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಮೈಸೂರು ಅರಮನೆಯ ಕಲ್ಯಾಣಮಂಟಪದ ಗೋಡೆಗಳಲ್ಲಿರುವ ದಸರಾ ಮೆರವಣಿಗೆಯ 26 ಚಿತ್ರಗಳನ್ನು ನೋಡಿ. 1934ರಿಂದ 1945ರವರೆಗೆ ಆಸ್ಥಾನದ ಕಲಾವಿದರು ಬರೆದ ಈ ಎಣ್ಣೆಬಣ್ಣದ ಚಿತ್ರಗಳಿಗೆ ಆಧಾರ ನಿಜವಾದ ಮೆರವಣಿಗೆಯ ಫೋಟೋಗಳೇ. ಆದರೂ ಅಲ್ಲಿನ ಆನೆಗೆ ಭಾರವಿದೆ, ಕುದುರೆಯ ಕತ್ತಿಗೆ ಬಿಗಿಯಿದೆ. ಕಾರಣ ಕಷ್ಟದ್ದಲ್ಲ: ಆ ಕಲಾವಿದರು ಅದೇ ಊರಿನವರಾಗಿ ಆನೆ ಕುದುರೆಗಳನ್ನು ಕಣ್ಣಾರೆ ನೋಡುತ್ತಿದ್ದವರು. ಫೋಟೋ ಅವರಿಗೆ ನೆನಪಿಗೆ ಆಸರೆಯಾಗಿತ್ತು. ನಮ್ಮ ಹವ್ಯಾಸಿಗಳಲ್ಲಿ ಫೋಟೋ ನೆನಪಿನ ಜಾಗವನ್ನೇ ಕಸಿದಿದೆ. ಹಸು ಹಿಂದಿನ ಕೊಟ್ಟಿಗೆಯಲ್ಲಿ ನಿಂತು ಮೆಲುಕು ಹಾಕುತ್ತಿರುವಾಗ ಜಗಲಿಯಲ್ಲಿ ಕೂತು ಪರದೆ ಹಿಗ್ಗಿಸಿ ಅದರ ಮೂಗುದಾರ ಹೇಗಿದೆ ಎಂದು ನೋಡುವುದು ನನಗೆ ನಿಜಕ್ಕೂ ನೋವಿನ ಸಂಗತಿ. ನೆಂಟರ ಮನೆಯ ಪ್ರಾಣಿಯನ್ನು ಬರೆಯುವವರಿಗೆ ವೃತ್ತಿಯ ಕಲಾವಿದನಿಗೂ ಸಿಗದ ಒಂದು ಭಾಗ್ಯವಿದೆ: ಆ ಪ್ರಾಣಿಯ ಬಳಿ ಎಷ್ಟು ಹೊತ್ತು ಬೇಕಾದರೂ ಕೂರಬಹುದು, ಯಾರೂ ಏಳು ಎನ್ನುವುದಿಲ್ಲ.

ಪ್ರಾಣಿ ಅಲುಗಾಡದೆ ನಿಲ್ಲುವುದಿಲ್ಲವಲ್ಲ ಎನ್ನುವ ಸಮಜಾಯಿಷಿ ಕೇಳಿದ್ದೇನೆ. ಇಂಗ್ಲೆಂಡಿನ ಡೇವಿಡ್ ಹಾಕ್ನಿ 1995ರಲ್ಲಿ ತನ್ನ ಸ್ಟ್ಯಾನ್ಲಿ, ಬೂಜಿ ಎಂಬ ಎರಡು ಡ್ಯಾಕ್ಸ್‌ಹುಂಡ್ ನಾಯಿಗಳನ್ನು ಎಣ್ಣೆಬಣ್ಣದಲ್ಲಿ ಮತ್ತೆ ಮತ್ತೆ ಬರೆದ. ನಾಯಿ ಎಲ್ಲಿ ಯಾವಾಗ ಮಲಗುತ್ತದೋ ಗೊತ್ತಿಲ್ಲವೆಂದು ಕ್ಯಾನ್ವಾಸು, ಕಲೆಸಿದ ಬಣ್ಣ ಎರಡನ್ನೂ ಮನೆಯಲ್ಲಿ ಸಿದ್ಧವಾಗಿಟ್ಟಿರುತ್ತಿದ್ದ. ಮಲಗಿದ ತಕ್ಷಣ ಬರೆಯಲು ಶುರು, ಎದ್ದುಹೋದರೆ ಮುಗಿಯಿತು. ಹೆಸರು ಮಾಡಿದ ಕಲಾವಿದನೇ ನಾಯಿಯ ಸಮಯಕ್ಕೆ ತನ್ನನ್ನು ಹೊಂದಿಸಿಕೊಂಡಿರುವಾಗ, ಮಧ್ಯಾಹ್ನವೆಲ್ಲ ಮಟ್ಟೆ ರಾಶಿಯ ನೆರಳಲ್ಲಿ ಮಲಗುವ ನಮ್ಮ ಊರುನಾಯಿಯನ್ನು ಬರೆಯಲು ಏನಡ್ಡಿ?

ಇನ್ನು ಬಣ್ಣ. ತೆಂಗಿನ ಸೀಮೆಯಲ್ಲಿ ಎಣ್ಣೆಬಣ್ಣ ಎಂದರೆ ಮಕ್ಕಳು ಮೊದಲು ಕೇಳುವುದು, ಕೊಬ್ಬರಿ ಎಣ್ಣೆ ಹಾಕಬಹುದಾ ಎಂದು. ಆಗುವುದಿಲ್ಲ. ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಒಣಗುವ ಎಣ್ಣೆಯಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಮೆಲ್ಲಗೆ ಗಟ್ಟಿಯಾದ ಪೊರೆಯಾಗುತ್ತದೆ, ಬಣ್ಣದ ಪುಡಿಯನ್ನು ತನ್ನೊಳಗೆ ಹಿಡಿದಿಡುತ್ತದೆ. ಬಿಳಿ ಬಣ್ಣ ಹಳದಿಗೆ ತಿರುಗದಿರಲೆಂದು ಕುಸುಬೆ ಎಣ್ಣೆಯಲ್ಲಿ ಅರೆಯುವುದೂ ಉಂಟು. ಹೀಗೆ ನಿಧಾನವಾಗಿ ಒಣಗುವುದೇ ಈ ಮಾಧ್ಯಮದ ವರ. ಇವತ್ತು ಬರೆದ ಕಿವಿಯನ್ನು ನಾಳೆ ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಹೋಗಿ ನೋಡಿ ಬಂದು ಹಸಿಯಿರುವಾಗಲೇ ತಿದ್ದಬಹುದು. ಅವಸರಕ್ಕೆ ದಪ್ಪ ದಪ್ಪ ಬಳಿದು, ಕೆಳಗಿನ ಪದರ ಆರುವ ಮೊದಲೇ ಮೇಲೊಂದು ಪದರ ಹಾಕಿದ ಚಿತ್ರಗಳು ಕೆಲವೇ ವರ್ಷದಲ್ಲಿ ಬಿರುಕು ಬಿಡುತ್ತವೆ. ತೆಳುವಾಗಿ ಶುರುಮಾಡಿ, ಮೇಲಿನ ಪದರಗಳಿಗೆ ಬರಬರುತ್ತ ಎಣ್ಣೆ ಹೆಚ್ಚಿಸುವುದು ಹಳೆಯ ಪಾಠ, ಈಗಲೂ ಅದೇ ಪಾಠ.

ಬಣ್ಣದಲ್ಲಿ ನನ್ನ ದೊಡ್ಡ ತಕರಾರು ಬೂದು ಬಣ್ಣದ ಬಗ್ಗೆ. ಹಳ್ಳಿಕಾರ್ ಈ ಸೀಮೆಯ ರಾಸು. ಉದ್ದನೆಯ ಕಿರಿದಾದ ಮುಖ, ಹಣೆಯ ನಡುವೆ ಇಳಿಯುವ ತಗ್ಗು, ಬುಡದಲ್ಲಿ ಒತ್ತಾಗಿ ಹುಟ್ಟಿ ಹಿಂದಕ್ಕೆ ಬಾಗಿ ಮೇಲೇರುವ ಕೊಂಬು, ತೆಳುವಾದ ಗಂಗೆದೊಗಲು. ಮೈ ಬೂದು, ಮುಂಭಾಗ ಹಿಂಭಾಗಗಳಲ್ಲಿ ಗಾಢ. 2000ದಲ್ಲಿ ಅಂಚೆ ಇಲಾಖೆ ಇದರ ಚಿತ್ರದ ಅಂಚೆಚೀಟಿಯನ್ನೂ ತಂದಿತು. ಈ ಬೂದು ಬಣ್ಣವನ್ನು ನಮ್ಮ ಹವ್ಯಾಸಿಗಳು ಟ್ಯೂಬಿನ ಕಪ್ಪಿಗೆ ಬಿಳಿ ಬೆರೆಸಿ ಮಾಡುತ್ತಾರೆ. ಆಗ ಬರುವುದು ಸಿಮೆಂಟಿನ ಬಣ್ಣ. ತೋಟದಲ್ಲಿ ನಿಂತ ಎತ್ತನ್ನು ನೋಡಿ: ಹಿಣಿಲಿನ ಮೇಲೆ ಗರಿಗಳ ಸಂದಿಯಿಂದ ಬಿದ್ದ ಆಕಾಶದ ನೀಲಿ, ಹೊಟ್ಟೆಯ ಕೆಳಗೆ ಕೆಂಪುಮಣ್ಣಿನ ಕಾವು, ಪಕ್ಕೆಯ ಮೇಲೆ ಸೋಗೆಯ ನೆರಳಿನ ಪಟ್ಟೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿ ಬಿಳಿ ಸೇರಿಸಿದರೆ ತಂಪಿನ ಬೂದು ಬಣ್ಣವೂ ಬರುತ್ತದೆ, ಬೆಚ್ಚನೆಯದೂ ಬರುತ್ತದೆ. ಹೊಟ್ಟೆಯ ಕೆಳಗೆ ಸ್ವಲ್ಪ ಕೆಂಪು ಬಿದ್ದರೆ ಎತ್ತು ನಮ್ಮ ನೆಲದ ಮೇಲೆ ನಿಲ್ಲುತ್ತದೆ. ಅದಿಲ್ಲದ ಚಿತ್ರಗಳಲ್ಲಿ ಪ್ರಾಣಿ ಸ್ಟುಡಿಯೋ ಪರದೆಯ ಮುಂದೆ ತೇಲುತ್ತಿರುತ್ತದೆ. ಹಿನ್ನೆಲೆಯನ್ನು ನೀಲಿಯಿಂದ ನೇರಳೆಗೆ ತೇಯ್ದು ಮುಗಿಸುವ ಅಭ್ಯಾಸವನ್ನು ಬಿಡಲೇಬೇಕು. ಕೊಬ್ಬರಿ ಅಟ್ಟದ ಕೆಳಗಿನ ಕತ್ತಲು, ಕಣದ ಬಿಳುಪು, ಗೋದಲಿಯ ಅಂಚು, ಇಷ್ಟು ಬೆನ್ನ ಹಿಂದೆಯೇ ಇರುವಾಗ ಯಾವ ಊರಿನದೂ ಅಲ್ಲದ ಆಕಾಶ ಏಕೆ?

ಸಂಕ್ರಾಂತಿಯ ದಿನದ ಚಿತ್ರಗಳದ್ದು ಇನ್ನೊಂದು ಸಮಸ್ಯೆ. ಕೊಂಬಿಗೆ ಬಣ್ಣ, ಕೋಡಣಸು, ಹಣೆಪಟ್ಟಿ, ಗೆಜ್ಜೆ, ಬಲೂನು. ಚೆಂದವೇ. ಆದರೆ ಸಿಂಗಾರ ಬರೆಯುವುದು ಸುಲಭ, ಸಿಂಗಾರದ ಒಳಗಿರುವ ರಾಸನ್ನು ಬರೆಯುವುದು ಕಷ್ಟ.

ತುರುವೇಕೆರೆಯ ಗಂಗಾಧರೇಶ್ವರ ದೇವಾಲಯದ ನಂದಿಯನ್ನು ಇಲ್ಲಿ ನೆನೆಯಲೇಬೇಕು. ಇಷ್ಟು ದೊಡ್ಡ ಕಪ್ಪು ಕಲ್ಲು, ಇನ್ನೂ ಮಾಸದ ನಯ. ಮಲಗಿದ ಹೋರಿಯ ಮೈಭಾರ ಹೇಗೆ ನೆಲಕ್ಕೆ ಇಳಿಯುತ್ತದೆ ಎಂಬುದನ್ನು ಕಲಿಯಲು ಈ ಸೀಮೆಯಲ್ಲಿ ಅದಕ್ಕಿಂತ ಒಳ್ಳೆಯ ಗುರು ಇಲ್ಲ. ಆದರೆ ನಂದಿ ಒಂದು ಹೋರಿಯಲ್ಲ, ಎಲ್ಲ ಹೋರಿಗಳೂ ಸೇರಿ ಆದದ್ದು. ದೇವರ ವಾಹನಕ್ಕೆ ಅದೇ ಸರಿ. ಮನೆಯ ಎತ್ತು ರಾಮನ ಚಿತ್ರವನ್ನು ನಂದಿಯಂತೆ ತಿದ್ದಿದರೆ ಅದು ರಾಮನೂ ಆಗುವುದಿಲ್ಲ, ನಂದಿಯೂ ಆಗುವುದಿಲ್ಲ. ಅವನ ಎಡಗೊಂಬು ಒಂದಿಷ್ಟು ಒಳಕ್ಕೆ ಬಾಗಿದ್ದರೆ ಅದು ಬಾಗಿಯೇ ಇರಲಿ. ನೊಗ ಹೊತ್ತು ಹೆಗಲು ಜಡ್ಡುಗಟ್ಟಿದ್ದರೆ ಆ ಜಡ್ಡು ಚಿತ್ರದಲ್ಲಿರಲಿ.

ಒಂದೇ ಒಂದು ಪ್ರಾಣಿಯನ್ನು, ಅದರ ಹೆಸರು ಹಿಡಿದು, ಕಲ್ಲಿನಲ್ಲಿ ನಿಲ್ಲಿಸಿದ ಉದಾಹರಣೆಯೂ ಕನ್ನಡನಾಡಿನಲ್ಲಿದೆ. ಮದ್ದೂರು ತಾಲ್ಲೂಕಿನ ಆತಕೂರಿನ ವೀರಗಲ್ಲು, ಕ್ರಿ.ಶ. 949–50ರದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಇಮ್ಮಡಿ ಬೂತುಗ ಏನು ಬೇಕೆಂದು ಕೇಳಿದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ನಡೆಯಬೇಕೆಂದು ಬರೆಸಿದರು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿಯೂ ಹಂದಿಯೂ ಎದುರುಬದುರಾಗಿ ಕಾದುತ್ತಿವೆ. ಶಿಲ್ಪಿ ಕಾಳಿಯನ್ನು ಸುಮ್ಮನೆ ಕೂರಿಸಲಿಲ್ಲ. ಅದು ಏನು ಮಾಡಿ ಹೆಸರಾಯಿತೋ ಅದನ್ನೇ ಮಾಡುತ್ತಿರುವಂತೆ ಕಡೆದ. ನಾಲಿಗೆ ಹೊರಚಾಚಿ ಕ್ಯಾಮೆರಾ ನೋಡುವ ನಾಯಿಚಿತ್ರಗಳ ನಡುವೆ ನನಗೆ ಪದೇ ಪದೇ ಈ ಕಲ್ಲು ನೆನಪಾಗುತ್ತದೆ. ಪ್ರತಿ ಮನೆಯ ನಾಯಿಗೂ ಅದರದೇ ಒಂದು ಕೆಲಸ, ಒಂದು ಹಟ, ಒಂದು ಜಾಗ ಇರುತ್ತದೆ.

ಅಂಥ ಒಂದು ಚಿತ್ರವನ್ನು ತುರುವೇಕೆರೆ ಕಡೆಯ ಒಂದು ತೋಟದ ಮನೆಯಲ್ಲಿ ಕಂಡೆ. ಮನೆಯೊಡತಿಯ ತಂಗಿ ಬರೆದದ್ದು, ಚಿಕ್ಕ ಕ್ಯಾನ್ವಾಸ್ ಬೋರ್ಡ್. ಕರಿಯ ಊರುನಾಯಿ, ಸುಲಿದ ಮಟ್ಟೆಯ ರಾಶಿಗೆ ಬೆನ್ನು ಕೊಟ್ಟು ಮಲಗಿದೆ. ಮುಖ ಪೂರ್ತಿ ಕಾಣುವುದೂ ಇಲ್ಲ. ಒಂದು ಕಿವಿ ಮಾತ್ರ ದಾರಿಯ ಕಡೆಗೆ ತಿರುಗಿ ನೆಟ್ಟಗಾಗಿದೆ. ಮಟ್ಟೆಗಳ ಕಂದು ಒರಟಾಗಿದೆ, ಮುಂಗಾಲು ಅಳತೆ ತಪ್ಪಿದೆ, ಬಾಲವನ್ನು ಎಲ್ಲಿ ಮುಗಿಸಬೇಕೋ ತಿಳಿಯದೆ ನೆರಳಿನಲ್ಲಿ ಮುಚ್ಚಿದ್ದಾರೆ. ಇಷ್ಟೆಲ್ಲ ದೋಷವಿದ್ದೂ ಆ ಕಿವಿಗಾಗಿ ನಾನು ಆ ಚಿತ್ರವನ್ನು ಗೆದ್ದ ಚಿತ್ರ ಎನ್ನುತ್ತೇನೆ. ನಿದ್ದೆಯಲ್ಲೂ ದಾರಿ ಕಾಯುವ ನಾಯಿ ಅದು. ಮೊಬೈಲ್ ಮುಂದೆ ಕೂತು ಅದನ್ನು ಕಂಡುಕೊಳ್ಳಲು ಆಗುವುದಿಲ್ಲ. ಅದೇ ಮನೆಯ ಹಜಾರದಲ್ಲಿ ಇನ್ನೊಬ್ಬರು ಬರೆದ ಲ್ಯಾಬ್ರಡಾರ್ ಚಿತ್ರವಿತ್ತು: ಅಳತೆ ಕರಾರುವಾಕ್ಕು, ರೋಮ ಒಂದೂ ತಪ್ಪಿಲ್ಲ, ಚಿನ್ನದ ಬಣ್ಣದ ಫ್ರೇಮು. ಅದು ಯಾವ ಲ್ಯಾಬ್ರಡಾರ್ ಬೇಕಾದರೂ ಆಗಬಹುದಿತ್ತು. ಎರಡರಲ್ಲಿ ನಡುಮನೆಗೆ ಸೇರಬೇಕಾದ್ದು ಕರಿಯನ ಚಿತ್ರ.

ಈ ಹವ್ಯಾಸ ಈ ಸೀಮೆಯಲ್ಲಿ ಬೆಳೆಯಲಿ ಎಂಬುದು ನನ್ನ ಆಸೆ. ಅದಕ್ಕೆ ಬೇಕಾದದ್ದೆಲ್ಲ ಕೈಗೆಟುಕುವಲ್ಲೇ ಇದೆ. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯಲ್ಲಿ ದನಗಳ ಜಾತ್ರೆ ಸೇರುತ್ತದೆ. ಪೆನ್ಸಿಲು, ಪುಸ್ತಕ ಹಿಡಿದು ಒಂದು ದಿನ ಅಲ್ಲಿ ಕೂತರೆ ಸಿಗುವ ಗೆರೆ ಯಾವ ಫೋಟೋದಲ್ಲೂ ಸಿಗುವುದಿಲ್ಲ. ಬರೆಯುವವರು ಪ್ರಾಣಿ ಬದುಕಿರುವಾಗಲೇ ಬರೆಯಲಿ. ಸತ್ತಮೇಲೆ ಬರೆಯಿರಿ ಎಂದು ಫೋಟೋ ಕಳಿಸುವ ನೆಂಟರು ಒಂದು ವರ್ಷ ಮೊದಲೇ ಕೇಳಲಿ. ಲ್ಯಾಬ್ರಡಾರಿಗೆ ಕೊಟ್ಟ ಕ್ಯಾನ್ವಾಸನ್ನು ಊರುನಾಯಿಗೂ, ಸೀಮೆಹಸುವಿಗೂ ಕೊಡಲಿ. ಚಿತ್ರದ ಬೆನ್ನಿಗೆ ಪ್ರಾಣಿಯ ಹೆಸರು, ಊರು, ಇಸವಿ, ಬರೆದವರ ಹೆಸರು ಬರೆದಿಡಲಿ. ಒಲೆಯ ಹೊಗೆ ತಾಗುವ ಗೋಡೆ ಬಿಟ್ಟು ಬೇರೆ ಕಡೆ ತೂಗುಹಾಕಲಿ. ಉಡುಗೊರೆ ಪಡೆದವರಲ್ಲೂ ಒಂದು ಕೋರಿಕೆ: ಥೇಟ್ ಎನ್ನುವ ಮೊದಲು ಚಿತ್ರವನ್ನು ಕೊಟ್ಟಿಗೆಗೆ ಒಯ್ದು ಗೌರಿಯ ಪಕ್ಕದಲ್ಲಿ ಹಿಡಿದು ನೋಡಿ, ಸುಳಿ ಎಲ್ಲಿ ತಪ್ಪಿದೆ ಎಂದು ಬರೆದವರಿಗೆ ಹೇಳಿ.