ವೇತನದ ಏಣಿ: ಒಂದು ವಾದದ ಪರೀಕ್ಷೆ

ಮಿಲ್ಟನ್ ಫ್ರೀಡ್‌ಮನ್ನರು 1962ರಲ್ಲಿ ಪ್ರಕಟಿಸಿದ ‘ಕ್ಯಾಪಿಟಲಿಸಂ ಅಂಡ್ ಫ್ರೀಡಂ’ ಗ್ರಂಥದಲ್ಲಿ ಒಂದು ಸೂಕ್ಷ್ಮವಾದ ವಾದವಿದೆ. ಎರಡು ಸಮಾಜಗಳಲ್ಲಿ ಆದಾಯದ ವಾರ್ಷಿಕ ಹಂಚಿಕೆ ಒಂದೇ ಬಗೆಯಾಗಿರಬಹುದು. ಆದರೆ ಒಂದರಲ್ಲಿ ಜನರು ವರ್ಷದಿಂದ ವರ್ಷಕ್ಕೆ ಸ್ಥಾನ ಬದಲಿಸುತ್ತಿದ್ದು, ಇನ್ನೊಂದರಲ್ಲಿ ಇದ್ದವರು ಇದ್ದಲ್ಲಿಯೇ ಉಳಿದರೆ, ಎರಡನೆಯದೇ ಹೆಚ್ಚು ವಿಷಮವಾದ ಸಮಾಜ. ತರ್ಕವಾಗಿ ಇದು ನಿರ್ದುಷ್ಟ. ಇದರ ಬಲದಿಂದ ಮುಂದೆ ಹಲವರು ತಳೆದ ತೀರ್ಮಾನ ಮಾತ್ರ ಹಾಗಲ್ಲ: ಸಂಘಗಳ ಹಿಡಿತ ಸಡಿಲವಾಗಿರುವ ಅಮೆರಿಕದಲ್ಲಿ ವೇತನದ ಅಂತರ ದೊಡ್ಡದಾದರೂ ಇಂದು ಕೆಳಗಿರುವವನು ನಾಳೆ ಮೇಲೇರುತ್ತಾನೆ, ಐರೋಪ್ಯನು ಸಮಾನತೆಗಾಗಿ ಆ ಅವಕಾಶವನ್ನೇ ಬೆಲೆಯಾಗಿ ತೆತ್ತಿದ್ದಾನೆ, ಎಂದು.

ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಸ್ಥೆಯು ತನ್ನ 1996 ಮತ್ತು 1997ರ ಉದ್ಯೋಗ ವರದಿಗಳಲ್ಲಿ ಈ ಪ್ರಶ್ನೆಯನ್ನು ಲೆಕ್ಕಕ್ಕೆ ಇಳಿಸಿತು. ಐದು ವರ್ಷಗಳ ಅವಧಿಯಲ್ಲಿ ಸ್ಥಾನಪಲ್ಲಟದ ಪ್ರಮಾಣ ತೀರ ಭಿನ್ನವಾದ ಏರ್ಪಾಡುಗಳುಳ್ಳ ದೇಶಗಳಲ್ಲಿಯೂ ಬಹುಮಟ್ಟಿಗೆ ಒಂದೇ ಆಗಿತ್ತು. ಅಲ್ಪವೇತನಕ್ಕೆ ಸಿಕ್ಕಿದ ಅಮೆರಿಕದ ಕಾರ್ಮಿಕನಂತೂ ಡೆನ್ಮಾರ್ಕಿನವನಿಗಿಂತ ದೀರ್ಘಕಾಲ ಅಲ್ಲಿಯೇ ಉಳಿಯುತ್ತಿದ್ದನು.

ಹಾಗೆಂದು ಎದುರು ಪಕ್ಷದವರು ಬೀಗುವಂತಿಲ್ಲ. ಸ್ಥಾನವನ್ನು ಎಣಿಸುವುದು ಬೇರೆ, ಹಣವನ್ನು ಎಣಿಸುವುದು ಬೇರೆ. ಸ್ವೀಡನ್ನಿನ ಕಾರ್ಮಿಕ ಒಕ್ಕೂಟದ ಅರ್ಥಶಾಸ್ತ್ರಜ್ಞರಾದ ಗೋಸ್ಟಾ ರೇನ್ ಮತ್ತು ರುಡೋಲ್ಫ್ ಮೈಡ್ನರ್ ಅವರ ಯೋಜನೆ 1951ರಲ್ಲಿ ಒಕ್ಕೂಟದ ಅಧಿವೇಶನದ ಮುಂದೆ ಬಂದಿತು. ಉದ್ಯಮದ ಲಾಭನಷ್ಟ ನೋಡದೆ ಸಮಾನ ಕೆಲಸಕ್ಕೆ ಸಮಾನ ವೇತನ. ಅದನ್ನು ಕೊಡಲಾರದ ಕಾರ್ಖಾನೆ ಮುಚ್ಚಲಿ, ಕೆಲಸ ಹೋದವನಿಗೆ ಸರ್ಕಾರ ತರಬೇತಿ ಕೊಟ್ಟು, ಊರು ಬದಲಿಸಲು ನೆರವಾಗಿ, ಬೆಳೆಯುವ ಉದ್ಯಮಕ್ಕೆ ಸೇರಿಸಲಿ. ನಿಷ್ಕರುಣೆಯೂ ಕರುಣೆಯೂ ಒಂದೇ ಉಸಿರಿನಲ್ಲಿರುವ ಯೋಜನೆಯಿದು. 1956ರಿಂದ ಮಾಲಿಕರ ಮತ್ತು ಕಾರ್ಮಿಕರ ಕೇಂದ್ರ ಸಂಸ್ಥೆಗಳು ಒಟ್ಟಿಗೆ ಕುಳಿತು ಒಪ್ಪಂದ ಮಾಡಿಕೊಳ್ಳತೊಡಗಿದುವು. ಏಣಿಯ ಮೆಟ್ಟಿಲುಗಳು ಕ್ರಮೇಣ ಹತ್ತಿರವಾದುವು. ಇಂಥ ಏಣಿಯಲ್ಲಿ ಅಲ್ಪ ಏರಿಕೆಯೂ ಹಲವು ಸ್ಥಾನಗಳನ್ನು ದಾಟಿಸುತ್ತದೆ. ಅಮೆರಿಕದಲ್ಲಿ ಒಂದು ಮೆಟ್ಟಿಲೇರಲು ಹೆಚ್ಚು ಹಣ ಬೇಕು. ಜಾರಿದರೆ ನಷ್ಟವೂ ಹೆಚ್ಚು. ಆದ್ದರಿಂದ ಸ್ಥಾನಗಣನೆ ಸ್ವೀಡನ್ನಿನ ಕಡೆಗೆ ತುಸು ವಾಲುತ್ತದೆ. ಮೆಟ್ಟಿಲುಗಳು ಅಷ್ಟು ಹತ್ತಿರವಾದುದು ಅಲ್ಲಿಯೂ ಎಲ್ಲರಿಗೆ ರುಚಿಸಲಿಲ್ಲ: 1983ರಲ್ಲಿ ಲೋಹ ಕಾರ್ಮಿಕರ ಸಂಘವು ಯಂತ್ರೋದ್ಯಮದ ಮಾಲಿಕರೊಡನೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು.

ಇನ್ನೊಂದು ದೋಷ ಇದಕ್ಕಿಂತ ಗಂಭೀರ. ಅವಧಿಯ ಆದಿಯಲ್ಲಿಯೂ ಅಂತ್ಯದಲ್ಲಿಯೂ ಕೆಲಸದಲ್ಲಿದ್ದವರ ವೇತನವನ್ನಷ್ಟೇ ಹೀಗೆ ಹೋಲಿಸಬಹುದು. ಕೆಲಸವನ್ನೇ ಕಳೆದುಕೊಂಡವನು ಏಣಿಯಿಂದಲೇ ಬಿದ್ದವನು; ಆ ಪತನ ಕೋಷ್ಟಕದಲ್ಲಿ ಕಾಣದು, ಮತ್ತು ಹಾಗೆ ಬೀಳುವ ಭಯ ಅಲ್ಪವೇತನದವನಿಗೇ ಹೆಚ್ಚು. ಡೆನ್ಮಾರ್ಕಿನಲ್ಲಿ ಕೆಲಸದಿಂದ ತೆಗೆಯುವುದು ಸುಲಭ. ಆದರೆ ಸಂಘಗಳು ಬಲಿಷ್ಠ, ನಿರುದ್ಯೋಗ ಭತ್ಯೆಯೂ ಉದಾರ. ಅಮೆರಿಕದ ಪಕ್ಷಕ್ಕಾಗಲಿ ಸ್ವೀಡನ್ನಿನ ಪಕ್ಷಕ್ಕಾಗಲಿ ಆ ದೇಶ ಪೂರ್ತಿಯಾಗಿ ಸಾಕ್ಷಿ ಹೇಳುವುದಿಲ್ಲ.