ಪುಣೆ ಕ್ಯಾಂಪ್: ಬೆಲೆ ಕಟ್ಟುವವರು ಬಿಟ್ಟ ಬಾಬತ್ತು

2021ರ ಮಾರ್ಚ್‌ನಲ್ಲಿ ಹತ್ತೇ ದಿನಗಳ ಅಂತರದಲ್ಲಿ ಪುಣೆಯ ದಂಡುಪ್ರದೇಶವಾದ ಕ್ಯಾಂಪಿನ ಎರಡು ಮಾರುಕಟ್ಟೆಗಳಿಗೆ ಬೆಂಕಿ ಬಿತ್ತು. 16ರ ಬೆಳಗಿನ ಜಾವ ಶಿವಾಜಿ ಮಾರ್ಕೆಟ್, 26ರ ರಾತ್ರಿ ಫ್ಯಾಷನ್ ಸ್ಟ್ರೀಟ್. ಮೊದಲನೆಯದರಲ್ಲಿ ಸುಟ್ಟದ್ದು ಇಪ್ಪತ್ತು ಚಿಲ್ಲರೆ ಮಳಿಗೆ, ಎರಡನೆಯದರಲ್ಲಿ ನಾನೂರಕ್ಕೂ ಮೀರಿ. ಶಿವಾಜಿ ಮಾರ್ಕೆಟ್ ಬ್ರಿಟಿಷರ ಕಾಲದ ಕಲ್ಲುಕಟ್ಟಡ, ಪಾರಂಪರಿಕ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ. ಫ್ಯಾಷನ್ ಸ್ಟ್ರೀಟ್ ಎಂದರೆ ಎಂ.ಜಿ. ರೋಡಿನ ಅಂಚಿನಿಂದ ಎಬ್ಬಿಸಿದ ಬೀದಿ ವ್ಯಾಪಾರಿಗಳಿಗೆ ತೋರಿಸಿಕೊಟ್ಟ ಜಾಗ. ಅಲ್ಲಿನ ತಗಡಿಗೂ ಹಲಗೆಗೂ ಯಾವ ಪಾರಂಪರಿಕ ದರ್ಜೆಯೂ ಇಲ್ಲ. ನಗರ ಪುನರುಜ್ಜೀವನದ ಅರ್ಥಶಾಸ್ತ್ರ ಇವೆರಡನ್ನು ಬೇರೆ ಬೇರೆ ಫೈಲಿನಲ್ಲಿ ಇಡುತ್ತದೆ: ಒಂದು ಪರಂಪರೆಯ ನಿರ್ವಹಣೆ, ಇನ್ನೊಂದು ಪುನರ್ವಸತಿ. ನನ್ನ ತಕರಾರು ಶುರುವಾಗುವುದು ಈ ವಿಂಗಡಣೆಯಿಂದಲೇ. ಎರಡೂ ಕಡೆ ಹೆಚ್ಚು ಬೆಲೆಬಾಳುವ ಆಸ್ತಿ ಒಂದೇ ಜಾತಿಯದು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತು ಗಳಿಸಿದ ಗಿರಾಕಿ ಅದು. ಅದನ್ನು ಬರೆದುಕೊಳ್ಳಲು ಯೋಜನಾ ವರದಿಗಳಲ್ಲಿ ಒಂದು ಕಾಲಂ ಕೂಡ ಇರುವುದಿಲ್ಲ.

ಶಿವಾಜಿ ಮಾರ್ಕೆಟ್ಟಿನ ಹಳೆಯ ಹೆಸರು ಕನಾಟ್ ಮಾರ್ಕೆಟ್. ವಿಕ್ಟೋರಿಯಾ ರಾಣಿಯ ಮಗ, 1880ರ ದಶಕದಲ್ಲಿ ಮುಂಬೈ ಸೇನೆಯ ದಂಡನಾಯಕನಾಗಿ ಈ ಕಡೆ ಇದ್ದ ಡ್ಯೂಕ್ ಆಫ್ ಕನಾಟ್‌ನ ಹೆಸರು ಅದು. ಬೆಳಿಗ್ಗೆ ಒಳಗೆ ಹೋದರೆ ಕಲ್ಲಿನ ಕಮಾನುಗಳ ಕಡೆ ಕಣ್ಣು ಹಾಯುವುದು ಕಷ್ಟ. ನೆಲ ಒದ್ದೆ, ಕಾಲು ಜಾರದಂತೆ ನೋಡಿಕೊಳ್ಳಬೇಕು. ಒಂದು ಕಡೆ ಸುರಮಯಿ, ಪಾಪ್ಲೆಟ್, ಬೊಂಬಿಲ್. ಮಂಗಳೂರಿನವರು ಬಂಗುಡೆ ಕೇಳಿದರೆ ಬಾಂಗಡಾ ಎಂದು ತಿದ್ದಿ ಕೊಡುತ್ತಾರೆ. ಇನ್ನೊಂದು ಕಡೆ ಊರಿನ ಬೇರೆ ಸಂತೆಗಳಲ್ಲಿ ಸುಲಭಕ್ಕೆ ಸಿಗದ ಲೆಟಿಸ್, ಸೆಲರಿ, ಪಾರ್ಸ್‌ಲಿ. ದಂಡಿನ ಅಡುಗೆಮನೆಗಳಿಗೆ ಸೊಪ್ಪು-ಮಾಂಸ ಪೂರೈಸಲು ಹುಟ್ಟಿದ ವ್ಯಾಪಾರ, ಆಮೇಲೆ ಪಾರ್ಸಿ, ಬೋಹ್ರಾ, ಗೋವಾ ಕ್ರೈಸ್ತ, ಇರಾನಿ ಮನೆಗಳ ಊಟದ ಮೇಲೆ ಬದುಕಿತು. ಯಾವ ಮನೆಗೆ ಎಂಥ ತುಂಡು ಬೇಕು ಅನ್ನುವುದು ಮಾಂಸ ಕತ್ತರಿಸುವವನಿಗೆ ಬಾಯಿಪಾಠ. ಕಟ್ಟಡವನ್ನು ಕಟ್ಟಡವಾಗಿ ಉಳಿಸಿಕೊಂಡು ಬಂದದ್ದೂ ಈ ವ್ಯಾಪಾರವೇ. ಖಾಲಿ ಬಿದ್ದಿದ್ದರೆ ಇಷ್ಟು ಹೊತ್ತಿಗೆ ಗೋದಾಮಾಗಿಯೋ ಪಾರ್ಕಿಂಗ್ ಆಗಿಯೋ ಹೋಗುತ್ತಿತ್ತು.

ಇಂಥದಕ್ಕೆ ಬೆಲೆ ಕಟ್ಟುವ ವಿದ್ಯೆ ಅರ್ಥಶಾಸ್ತ್ರದಲ್ಲಿ ಇಲ್ಲವೆಂದಲ್ಲ. ಕಳೆದ ಐವತ್ತು-ಅರವತ್ತು ವರ್ಷಗಳಲ್ಲಿ ಪರಿಸರದ ಕಡೆಯಿಂದ ಬಂದ ಮೂರು-ನಾಲ್ಕು ಉಪಾಯಗಳಿವೆ. ಜನರನ್ನು ನಿಲ್ಲಿಸಿ, ಇದು ಉಳಿಯಲು ನೀವು ವರ್ಷಕ್ಕೆ ಎಷ್ಟು ಕೊಡುತ್ತೀರಿ ಎಂದು ಕೇಳುವುದು ಒಂದು. ಅಲಾಸ್ಕಾದಲ್ಲಿ 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನ ಎಣ್ಣೆ ಸಮುದ್ರಕ್ಕೆ ಸುರಿದಾಗ ಈ ವಿಧಾನದ ಮೇಲೆ ದೊಡ್ಡ ಜಗಳವೇ ನಡೆಯಿತು. ಕೊನೆಗೆ ಕೆನೆತ್ ಆರೋ, ರಾಬರ್ಟ್ ಸೋಲೋ ಅವರಂಥ ನೊಬೆಲ್ ಪಡೆದವರ ಸಮಿತಿ 1993ರಲ್ಲಿ, ಕಟ್ಟುನಿಟ್ಟಾಗಿ ಮಾಡಿದರೆ ನಂಬಬಹುದು ಎಂದು ಹೇಳಿತು. ಕ್ಯಾಂಪಿನಲ್ಲಿ ಇದನ್ನು ಪ್ರಯೋಗಿಸಿದರೆ ಏನಾಗುತ್ತದೆ? ಡೇವಿಡ್ ಸಸೂನ್ ಕಟ್ಟಿಸಿದ, 1867ರಲ್ಲಿ ಮುಗಿದ ಓಹೆಲ್ ಡೇವಿಡ್ ಸಿನಗಾಗ್ ಇದೆ. ಊರಿನವರ ಬಾಯಲ್ಲಿ ಲಾಲ್ ದೇವಳ. ಆ ಕೆಂಪು ಇಟ್ಟಿಗೆಯ ಗೋಪುರದೊಳಗೆ ಪ್ರಾರ್ಥನೆಗೆ ಹೋಗುವವರು ಈಗ ಬೆರಳೆಣಿಕೆ. ಆದರೆ ಅದು ಅಲ್ಲಿ ಇರಲಿ ಎಂದು ಬಯಸುವ, ಒಳಗೆ ಎಂದೂ ಕಾಲಿಡದ ಲಕ್ಷ ಜನ ಇದ್ದಾರು. ಇರುವಿಕೆಗೇ ಜನ ಕೊಡುವ ಬೆಲೆಯನ್ನು ಅಳೆಯಲು ಇಂಥ ಪ್ರಶ್ನೆ ತಕ್ಕಮಟ್ಟಿಗೆ ಒದಗುತ್ತದೆ. ಶಿವಾಜಿ ಮಾರ್ಕೆಟ್ಟಿಗೆ ಒದಗುವುದಿಲ್ಲ. ಕೊರೆಗಾಂವ್ ಪಾರ್ಕಿನ ಫ್ಲ್ಯಾಟಿನವರು ಸಾವಿರ ಕೊಡುತ್ತೇವೆ ಅನ್ನುತ್ತಾರೆ, ಮೀನಿನ ಬುಟ್ಟಿ ಹೊರುವವಳು ಹತ್ತು ರೂಪಾಯಿಯೂ ಅನ್ನಲಾರಳು. ಕೂಡಿಸಿ ನೋಡಿದರೆ ಕಟ್ಟಡ ಫ್ಲ್ಯಾಟಿನವರದು ಎಂದಾಗುತ್ತದೆ.

ಎರಡನೆಯ ಉಪಾಯ ನನಗೆ ಹೆಚ್ಚು ಇಷ್ಟ: ಒಂದು ಜಾಗಕ್ಕೆ ಬರಲು ಜನ ಎಷ್ಟು ಹಣ, ಎಷ್ಟು ಹೊತ್ತು ಸುರಿಯುತ್ತಾರೆ ಎಂದು ಲೆಕ್ಕ ಹಾಕುವುದು. ಈಸ್ಟ್ ಸ್ಟ್ರೀಟಿನ ಕಯಾನಿ ಬೇಕರಿ ಇದಕ್ಕೆ ಸಿದ್ಧ ಉದಾಹರಣೆ. 1955ರಿಂದ ನಡೆಯುತ್ತಿರುವ ಇರಾನಿ ಬೇಕರಿ. ಶ್ರೂಸ್‌ಬರಿ ಬಿಸ್ಕತ್ತಿಗೆ, ಮಾವಾ ಕೇಕಿಗೆ ಜನ ಬಾಗಿಲು ತೆರೆಯುವ ಮುಂಚೆ ನಿಲ್ಲುತ್ತಾರೆ. ಮಧ್ಯಾಹ್ನ ಅವರು ಊಟಕ್ಕೆ ಬಾಗಿಲು ಹಾಕಿದರೆ ಹೊರಗೇ ಕಾಯುತ್ತಾರೆ. ಮುಂಬೈಯಿಂದ ಬಂದವರು, ಬೆಂಗಳೂರಿನ ಬಸ್ಸು ಹತ್ತುವ ಮೊದಲು ನಾಲ್ಕು ಡಬ್ಬ ಕಟ್ಟಿಸಿಕೊಳ್ಳುವವರು. ಪೆಟ್ರೋಲು, ಟಿಕೆಟ್ಟು, ಕಳೆದ ಗಂಟೆಗಳು ಇವನ್ನೆಲ್ಲ ಕೂಡಿಸಿದರೆ ಬಿಸ್ಕತ್ತಿನ ಬಿಲ್ಲಿಗಿಂತ ದೊಡ್ಡ ಮೊತ್ತವಾಗುತ್ತದೆ. ಜನ ಸುರಿಯುವ ಒಟ್ಟು ಮೊತ್ತದಲ್ಲಿ ಬೇಕರಿಗೆ ಬರುವುದು ಬಿಸ್ಕತ್ತಿನ ಹಣ ಮಾತ್ರ. ಬೀದಿಯ ಬೇರೆ ಅಂಗಡಿಗಳು, ರಿಕ್ಷಾದವರು, ಲಾಡ್ಜುಗಳು ಉಳಿದದ್ದರಲ್ಲಿ ಒಂದು ಪಾಲನ್ನು ಹಂಚಿಕೊಳ್ಳುತ್ತವೆ. ಹಳೆಯ ಅಂಗಡಿಯೊಂದು ತನ್ನ ಬೀದಿಗೆ ಸದ್ದಿಲ್ಲದೆ ಸಂಬಳ ಕೊಡುತ್ತದೆ ಅನ್ನುವುದನ್ನು ಯಾವ ಪುನರಾಭಿವೃದ್ಧಿ ಪ್ರಸ್ತಾವವಾದರೂ ಬರೆದುಕೊಂಡದ್ದನ್ನು ನಾನು ನೋಡಿಲ್ಲ.

ಪ್ರಸ್ತಾವಗಳು ಬರೆದುಕೊಳ್ಳುವುದು ಜಮೀನಿನ ದರ ಮತ್ತು ಎಫ್‌ಎಸ್‌ಐ, ಅಂದರೆ ಜಮೀನಿನ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದು ಎಂಬ ಮಿತಿ. ಇಷ್ಟು ಚದರಡಿ, ಇಷ್ಟು ಅಂತಸ್ತು, ಇಷ್ಟು ಮಾರಾಟ. ಭವಿಷ್ಯದ ಲಾಭವನ್ನು ಇಂದಿನ ರೂಪಾಯಿಗೆ ಇಳಿಸುವ ಬಡ್ಡಿದರ ಇಲ್ಲಿ ನಿರ್ಣಾಯಕ. ಮೂಲಸೌಕರ್ಯ ಯೋಜನೆಗಳಿಗೆ ಬಹುಕಾಲ ಬಳಸಿಕೊಂಡು ಬಂದ ಶೇ. 12ರ ದರ ಹಿಡಿದರೆ, ಐವತ್ತು ವರ್ಷದ ನಂತರ ಸಿಗುವ 100 ರೂಪಾಯಿ ಪ್ರಯೋಜನಕ್ಕೆ ಇಂದು 35 ಪೈಸೆ. ಶೇ. 4 ಹಿಡಿದರೆ ಅದೇ ನೂರಕ್ಕೆ 14 ರೂಪಾಯಿ. ನೂರೈವತ್ತು ವರ್ಷ ಬಾಳಿದ ಕಲ್ಲುಗೋಡೆ ಇನ್ನೂ ನೂರು ವರ್ಷ ಬಾಳಬಹುದು ಅನ್ನುವ ಸಂಗತಿಗೆ ಮೊದಲ ಲೆಕ್ಕದಲ್ಲಿ ಕವಡೆ ಕಿಮ್ಮತ್ತೂ ಇಲ್ಲ. ಕಟ್ಟಡ ಕೆಡವಬೇಕೋ ಬೇಡವೋ ಎಂದು ತೀರ್ಮಾನಿಸುವವರು ಕಟ್ಟಡವನ್ನು ನೋಡುವ ಮೊದಲೇ ಈ ದರ ಅರ್ಧ ತೀರ್ಪು ಕೊಟ್ಟಾಗಿರುತ್ತದೆ.

ಹಾಗಾದರೆ ಕ್ಯಾಂಪು ಇಷ್ಟು ದಿನ ಉಳಿದದ್ದು ಹೇಗೆ? ಪರಂಪರೆಯ ಪ್ರೀತಿಯಿಂದ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1817ರ ಖಡಕಿ ಯುದ್ಧದಲ್ಲಿ ಪೇಶ್ವೆ ಸೋತ ಮೇಲೆ ಹುಟ್ಟಿದ ದಂಡುಪ್ರದೇಶ ಇದು. ಇಲ್ಲಿನ ಎಷ್ಟೋ ಬಂಗಲೆಗಳು 'ಓಲ್ಡ್ ಗ್ರಾಂಟ್' ಎಂಬ ಪದ್ಧತಿಯವು: ನೆಲ ಸರ್ಕಾರದ್ದು, ಮೇಲಿನ ಕಟ್ಟಡ ಮಾತ್ರ ಹಿಡುವಳಿದಾರನದು, ಬೇಕೆಂದಾಗ ಸರ್ಕಾರ ಕಟ್ಟಡದ ಬೆಲೆ ಕೊಟ್ಟು ನೆಲ ವಾಪಸು ಪಡೆಯಬಹುದು. ಮೇಲೆ ಅಂತಸ್ತು ಏರಿಸುವುದಕ್ಕೂ ಮಾರುವುದಕ್ಕೂ ರಕ್ಷಣಾ ಇಲಾಖೆಯ ಕಟ್ಟಳೆ. ಅಂಗಡಿ-ಮನೆಗಳ ಮೇಲೆ ಬಾಡಿಗೆ ನಿಯಂತ್ರಣ, ಅದರ ಜೊತೆಗೆ ಪಗಡಿ, ಅಂದರೆ ಬಾಡಿಗೆಯ ಹಕ್ಕಿಗೆ ಮೊದಲೇ ಕೊಡುವ ದೊಡ್ಡ ಗಂಟು. ಪಕ್ಕದ ಪುಣೆ ನಗರ ಗಾಜಿನ ಗೋಪುರಗಳನ್ನು ಎಬ್ಬಿಸುತ್ತಿದ್ದಾಗ ಕ್ಯಾಂಪು ಹೆಂಚಿನ ಮಾಡಿನ ಕೆಳಗೇ ಕೂತಿತ್ತು. ಏಳುವ ಅನುಮತಿ ಇರಲಿಲ್ಲ, ಅಷ್ಟೆ. ಅಡ್ಡಿಗಳಿಂದ ಉಳಿದ ಪರಂಪರೆ ಇದು. ಅದಕ್ಕೇ ಒಳಗೊಳಗೆ ಹಾಳಾಗಿದೆ.

ಬಾಡಿಗೆಯ ವಿಷಯ ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮವರಿಗೆ ಗೊತ್ತಿರಬೇಕಾದ ಒಂದು ಮೊಕದ್ದಮೆ ಇದೆ: ಮಲ್ಪೆ ವಿಶ್ವನಾಥ ಆಚಾರ್ಯ ಮತ್ತು ಮಹಾರಾಷ್ಟ್ರ ಸರ್ಕಾರದ ನಡುವಿನದು, 1997ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟದ್ದು. 1940ರ ಹೊತ್ತಿನ ಬಾಡಿಗೆಯನ್ನೇ ದಶಕಗಟ್ಟಲೆ ಹಿಡಿದಿಡುವುದು ಕಾಲಕ್ರಮದಲ್ಲಿ ಅನ್ಯಾಯವಾಗಿ ಮಾರ್ಪಟ್ಟಿದೆ ಎಂದು ನ್ಯಾಯಾಲಯ ಹೇಳಿತು. ಅದರ ಬೆನ್ನಿಗೇ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯಿದೆ ವರ್ಷಕ್ಕೆ ಶೇ. 4ರಷ್ಟು ಏರಿಕೆಗೆ ಅವಕಾಶ ಕೊಟ್ಟಿತು. ಆದರೆ ಐವತ್ತು ರೂಪಾಯಿ ಬಾಡಿಗೆಗೆ ಶೇ. 4 ಏರಿದರೆ ಐವತ್ತೆರಡು. ಸೋರುವ ಮಾಡಿನ ಒಂದು ಹೆಂಚಿಗೂ ಸಾಲದು. ಮಾಲೀಕ ರಿಪೇರಿ ಮಾಡುವುದಿಲ್ಲ, ಬಾಡಿಗೆದಾರ ತನ್ನದಲ್ಲದ ಗೋಡೆಗೆ ಹಣ ಹಾಕುವುದಿಲ್ಲ, ಗೋಡೆ ಬೀಳುವುದನ್ನು ಇಬ್ಬರೂ ಕಾಯುತ್ತಾರೆ. ಕಡಿಮೆ ಬಾಡಿಗೆ ಹಳೆಯ ಅಂಗಡಿಯನ್ನು ಉಳಿಸಿತು, ಹಳೆಯ ಕಟ್ಟಡವನ್ನು ಕೊಂದಿತು. ಪರಂಪರೆಯ ಅಭಿಮಾನಿಗಳು ಮೊದಲನೆಯದನ್ನೇ ಹೇಳುತ್ತಾರೆ, ಬಿಲ್ಡರುಗಳು ಎರಡನೆಯದನ್ನೇ. ಮುಂಭಾಗದ ಮರದ ಕಟಾಂಜನದ ಫೋಟೋ ತೆಗೆದು ಹಾಕಿ 'ಉಳಿಸಿ' ಎನ್ನುವವರು ಮೇಲಿನ ಮನೆಯಲ್ಲಿ ಮಳೆಗಾಲಕ್ಕೆ ಬಕೆಟ್ ಇಟ್ಟುಕೊಂಡು ಮಲಗುವವರ ಹತ್ತಿರ ಒಮ್ಮೆ ಮಾತಾಡಬೇಕು.

ಇನ್ನು ಕ್ಯಾಂಪಿನ ಆಡಳಿತ ನಡೆಸುವ ಕಂಟೋನ್ಮೆಂಟ್ ಬೋರ್ಡಿನ ಸ್ವಂತ ಖಜಾನೆ. ಊರೊಳಗೆ ಬರುವ ಸರಕಿನ ಮೇಲಿನ ಸುಂಕ ಅದರ ದೊಡ್ಡ ಆದಾಯವಾಗಿತ್ತು. 2017ರಲ್ಲಿ ಜಿಎಸ್‌ಟಿ ಬಂದು ಅದು ನಿಂತಿತು. ಬದಲಿ ಹಣಕ್ಕೆ ಬೋರ್ಡು ಕೈಚಾಚಿ ಕೂರಬೇಕಾಯಿತು. ಪುನರುಜ್ಜೀವನದ ದುಡ್ಡೂ ಈ ಕಡೆ ಹರಿಯಲಿಲ್ಲ. ಪಾರಂಪರಿಕ ನಗರಗಳಿಗೆಂದು 2015ರಲ್ಲಿ ಬಂದ ಹೃದಯ್ ಯೋಜನೆಯ ಹನ್ನೆರಡು ಊರುಗಳಲ್ಲಿ ನಮ್ಮ ಬಾದಾಮಿ ಇತ್ತು, ಪುಣೆ ಇರಲಿಲ್ಲ. ಸ್ಮಾರ್ಟ್ ಸಿಟಿ ಬಂದಾಗ ಪುಣೆ ತನ್ನ ಮಾದರಿ ಪ್ರದೇಶವಾಗಿ ಆರಿಸಿಕೊಂಡದ್ದು ಔಂಧ್-ಬಾಣೇರ್-ಬಾಲೇವಾಡಿ. ಆಗಲೇ ಹೊಸದಾಗಿದ್ದ ಜಾಗ.

ಈಗ ದೇಶದ ಕಂಟೋನ್ಮೆಂಟುಗಳ ನಾಗರಿಕ ಪ್ರದೇಶಗಳನ್ನು ಪಕ್ಕದ ನಗರಸಂಸ್ಥೆಗಳಿಗೆ ಸೇರಿಸುವ ಕೆಲಸ ಶುರುವಾಗಿದೆ; 2023ರಲ್ಲಿ ಹಿಮಾಚಲದ ಖಾಸ್ ಯೋಲ್‌ನಿಂದ ಅದಕ್ಕೆ ಚಾಲನೆ. ಕರ್ನಾಟಕದ ಏಕೈಕ ಕಂಟೋನ್ಮೆಂಟ್ ಬೋರ್ಡ್ ಇರುವ ಬೆಳಗಾವಿಯ ಕ್ಯಾಂಪಿನವರಿಗೂ ಇದೇ ಚಿಂತೆ, ಇದೇ ಆಸೆ. ಅಡ್ಡಿ ತೆಗೆದರೆ ಏನಾಗುತ್ತದೆ ಎಂದು ಕನ್ನಡಿಗರು ಊಹಿಸಬೇಕಿಲ್ಲ. ಬೆಂಗಳೂರಿನ ದಂಡು 1949ರಲ್ಲಿ ನಗರದೊಡನೆ ಕೂಡಿತು. ಅಲ್ಲಿನ ಬಂಗಲೆಗಳಲ್ಲಿ ಎಷ್ಟು ಉಳಿದಿವೆ ಎಂದು ರಿಚ್ಮಂಡ್ ಟೌನಿನಲ್ಲೋ ಫ್ರೇಜರ್ ಟೌನಿನಲ್ಲೋ ಒಂದು ಸುತ್ತು ಹಾಕಿದರೆ ಗೊತ್ತಾಗುತ್ತದೆ. ಆ ವಿಲೀನ ತಪ್ಪು ಎನ್ನುತ್ತಿಲ್ಲ. ಇಡೀ ಊರಿಗೆ ಒಂದೇ ನಗರಪಾಲಿಕೆ ಸಿಕ್ಕಿತು. ನೆಲದ ಬೆಲೆ ಬಿಡುಗಡೆಯಾದಾಗ ಬಂದ ಲಾಭದಲ್ಲಿ ಒಂದು ಪಾಲನ್ನು ಹಳೆಯದನ್ನು ನೋಡಿಕೊಳ್ಳಲು ತೆಗೆದಿಡುವ ಏರ್ಪಾಟು ಮಾತ್ರ ಆಗಲಿಲ್ಲ. ಮುಂಬೈಯಲ್ಲಿ 1995ರ ಪಾರಂಪರಿಕ ನಿಯಮಗಳ ಜೊತೆ ಬಂದ ಟಿಡಿಆರ್, ಅಂದರೆ ಹಳೆಯ ಕಟ್ಟಡದ ಮೇಲೆ ಕಟ್ಟಲಾಗದ ಹಕ್ಕನ್ನು ಬೇರೆಡೆ ಮಾರುವ ಪದ್ಧತಿ, ಈ ದಿಕ್ಕಿನ ಒಂದು ಪ್ರಯತ್ನ. ಅದರಲ್ಲೂ ಹಕ್ಕು ಮಾರಿ ದುಡ್ಡು ಎಣಿಸುವುದು ಮಾಲೀಕ; ಕೆಳಗಿನ ಅಂಗಡಿಯವನಿಗೆ ಬಿಡಿಗಾಸಿಲ್ಲ.

ಮಾರುಕಟ್ಟೆ ಉಳಿಸಿದ ಕಥೆಗಳಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ನನ್ನು ಎಲ್ಲರೂ ಉದಾಹರಿಸುತ್ತಾರೆ. ಹಣ್ಣು-ತರಕಾರಿ-ಹೂವಿನ ಸಗಟು ವ್ಯಾಪಾರವನ್ನು 1974ರಲ್ಲಿ ನದಿಯಾಚೆಯ ನೈನ್ ಎಲ್ಮ್ಸ್‌ಗೆ ಕಳಿಸಿ, 1980ರಲ್ಲಿ ಕಟ್ಟಡವನ್ನು ಒಪ್ಪವಾಗಿ ತೆರೆದರು. ಪ್ರವಾಸಿಗರು ತುಂಬಿದರು, ಬಾಡಿಗೆ ಏರಿತು, ಲೆಕ್ಕದಲ್ಲಿ ಭರ್ಜರಿ ಯಶಸ್ಸು. ಅಲ್ಲಿ ಈಗ ಒಂದು ಕಂತೆ ಸೊಪ್ಪು ಕೊಳ್ಳಲು ಹೋಗಿ ನೋಡಿ. ಬಾರ್ಸಿಲೋನಾದ ಸಾಂತಾ ಕಾತೆರಿನಾ ಮಾರುಕಟ್ಟೆ 2005ರಲ್ಲಿ ಮತ್ತೆ ತೆರೆದದ್ದು ಇನ್ನೊಂದು ಬಗೆ: ಹಳೆಯ ಗೋಡೆಗಳ ಮೇಲೆ ಬಣ್ಣದ ಅಲೆಮಾಡು, ಕೆಳಗೆ ಪಾರ್ಕಿಂಗ್, ಪಕ್ಕದಲ್ಲಿ ವೃದ್ಧರಿಗೆ ಮನೆಗಳು. ಮಳಿಗೆಗಳ ಸಂಖ್ಯೆ ಇಳಿಯಿತು, ಸೂಪರ್ ಮಾರ್ಕೆಟ್ಟೂ ಹೊಕ್ಕಿತು. ಆದರೂ ಮೀನು ಮೀನಿನವರ ಕೈಯಲ್ಲೇ ಉಳಿಯಿತು. ಮೈಸೂರಿನ ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರ ಆಗಸ್ಟಿನಲ್ಲಿ ಕುಸಿದ ಮೇಲೆ ನಡೆದ ವಾದವೆಲ್ಲ ಕೆಡವುವುದೋ ದುರಸ್ತಿಯೋ ಎಂಬ ಎರಡು ಗೂಟಗಳ ನಡುವೆಯೇ ಸುತ್ತಿತು. ಹೂವಿನವರು, ವೀಳ್ಯದೆಲೆಯವರು ಯಾವ ಬಾಡಿಗೆಗೆ, ಯಾವ ಹಕ್ಕಿನ ಮೇಲೆ ವಾಪಸು ಬರುತ್ತಾರೆ ಎಂಬುದು ಅಡಿಟಿಪ್ಪಣಿಯಾಗಿ ಉಳಿಯಿತು.

ಕಲ್ಲಿಗೆ ಹಣ ಹಾಕುವುದೇ ಸರಿಯೇ ಎಂಬ ಪ್ರಶ್ನೆಯನ್ನು ಪುಣೆ ನಗರದಲ್ಲಿ ಬಹಳ ಹಿಂದೆ ಒಬ್ಬರು ಕೇಳಿದ್ದರು. ಮುನಿಸಿಪಾಲಿಟಿಯ ಸದಸ್ಯರಾಗಿದ್ದ ಜ್ಯೋತಿಬಾ ಫುಲೆ, ದೊಡ್ಡ ಮಾರುಕಟ್ಟೆ ಕಟ್ಟಡಕ್ಕೆ ಹಣ ಸುರಿಯುವ ಬದಲು ಪ್ರಾಥಮಿಕ ಶಿಕ್ಷಣಕ್ಕೆ ಕೊಡಿ ಎಂದು ವಿರೋಧಿಸಿದರು. ಕಟ್ಟಡ ಎದ್ದೇ ಎದ್ದಿತು. 1886ರಲ್ಲಿ ರೇ ಮಾರ್ಕೆಟ್ ಆಗಿ ತೆರೆಯಿತು. ಮುಂದೆ ಅದಕ್ಕೇ ಮಹಾತ್ಮಾ ಫುಲೆ ಮಂಡಯಿ ಎಂದು ಹೆಸರಿಟ್ಟರು! ಅರ್ಥಶಾಸ್ತ್ರದವರು ಪುಟಗಟ್ಟಲೆ ಬರೆಯುವ ಅವಕಾಶ ವೆಚ್ಚವನ್ನು ಫುಲೆ ಒಂದೇ ತಕರಾರಿನಲ್ಲಿ ಹೇಳಿಬಿಟ್ಟಿದ್ದರು: ಈ ರೂಪಾಯಿ ಇಲ್ಲಿ ಬಿದ್ದರೆ ಎಲ್ಲಿ ಬೀಳದೆ ಉಳಿಯಿತು?

ಶಿವಾಜಿ ಮಾರ್ಕೆಟ್ಟಿನ ಮೌಲ್ಯಮಾಪನ ಇದಕ್ಕೆ ಉತ್ತರ ಕೊಡುವಂತಿರಬೇಕು. ಕ್ಯಾಂಪಿನಲ್ಲಿ ಬೋರ್ಡು ನಡೆಸುವ ಆಸ್ಪತ್ರೆ ಇದೆ, ಶಾಲೆಗಳಿವೆ. ಅವುಗಳ ದುಡ್ಡನ್ನು ಗೋಪುರಕ್ಕೆ ಬಳಿಯಲು ಫುಲೆ ಒಪ್ಪುತ್ತಿರಲಿಲ್ಲ, ನಾನೂ ಒಪ್ಪುವುದಿಲ್ಲ. ಮಾರುಕಟ್ಟೆ ತನ್ನ ಖರ್ಚು ತಾನೇ ದುಡಿಯಬಲ್ಲುದೇ ಎಂದು ಮೊದಲು ಪರೀಕ್ಷಿಸಬೇಕು. ಮಳಿಗೆಯ ಬಾಡಿಗೆಯನ್ನು ಮೀನಿನವರು ತಡೆದುಕೊಳ್ಳುವಷ್ಟು ಏರಿಸಿ, ಬಂದ ಹಣ ಬೋರ್ಡಿನ ಸಾಮಾನ್ಯ ಖಾತೆಗೆ ಹೋಗದಂತೆ ಬೇರೆ ಖಾತೆಯಲ್ಲಿಟ್ಟು, ವೈರಿಂಗು, ಚರಂಡಿ, ಮಾಡು ಎಂಬ ಅನುಕ್ರಮದಲ್ಲಿ ಖರ್ಚು ಮಾಡಿದರೆ ಎಷ್ಟು ಕೊರತೆ ಬೀಳುತ್ತದೆ? ಆ ಕೊರತೆಯಲ್ಲಿ ಸುತ್ತಲಿನ ಎಂ.ಜಿ. ರೋಡು, ಈಸ್ಟ್ ಸ್ಟ್ರೀಟಿನ ಆಸ್ತಿಗಳಿಂದ ಎಷ್ಟು ವಸೂಲಿ ಮಾಡಬಹುದು? ಮಾರುಕಟ್ಟೆಗೆಂದು ಬರುವ ಜನರಿಂದ ಅವರಿಗೂ ಲಾಭವಿದೆಯಲ್ಲ. ಈ ಎರಡು ಮೊತ್ತಗಳು ಗೊತ್ತಾದ ಮೇಲೆ ಎಫ್‌ಎಸ್‌ಐ ಪ್ರಸ್ತಾವವನ್ನು ಅದರ ಪಕ್ಕದಲ್ಲಿಟ್ಟು ನೋಡೋಣ. ಪುಣೆ ಮಹಾನಗರಪಾಲಿಕೆಗೆ ಕ್ಯಾಂಪು ಹಸ್ತಾಂತರವಾಗುವ ಮುನ್ನ, ಆಸ್ತಿ-ಸಾಲ-ಪಿಂಚಣಿಗಳ ಪಟ್ಟಿಯ ಜೊತೆಗೆ ಮಳಿಗೆದಾರರ ಹೆಸರು, ಅವರು ಕೂತ ವರ್ಷ, ಕೊಡುವ ಬಾಡಿಗೆ ಇಷ್ಟಾದರೂ ಇರುವ ಒಂದು ದಫ್ತರ ಸಿದ್ಧವಾಗಲಿ. ಬೋರ್ಡಿನ ಕಂದಾಯ ವಿಭಾಗದ ಗುಮಾಸ್ತರೇ ಮಾಡಬಹುದಾದ ಕೆಲಸ, ಸಲಹೆಗಾರ ಕಂಪನಿಗೆ ಟೆಂಡರ್ ಕರೆಯಬೇಕಾಗಿಲ್ಲ.